ಶಬ್ದದ ಸ್ವರೂಪವೂ ಉದ್ಧರಣ ಚಿಹ್ನೆಯೂ: ಗಣಕದ ಮ್ಯಾಕ್ರೋಗಳನ್ನು ಕುರಿತು ಒಂದು ಪಾಠ

೧. ಪೀಠಿಕೆ

ಕೆಳಗಿನ ತರಗತಿಗಳಲ್ಲಿ ಉಕ್ತಲೇಖನ ಬರೆಯಿಸಿದ ಉಪಾಧ್ಯಾಯರಿಗೆಲ್ಲ ಒಂದು ಅನುಭವ ಆಗಿಯೇ ಇರುತ್ತದೆ. ವಾಕ್ಯವನ್ನು ನಿಧಾನವಾಗಿ ಹೇಳುತ್ತ ನಡುವೆ “ಅಲ್ಪವಿರಾಮ” ಎಂದೊಡನೆ, ಹೊಸದಾಗಿ ಸೇರಿದ ಹುಡುಗನೊಬ್ಬನು ಚಿಹ್ನೆಯನ್ನು ಹಾಕುವುದಕ್ಕೆ ಬದಲಾಗಿ ಅ-ಲ್ಪ-ವಿ-ರಾ-ಮ ಎಂಬ ಐದು ಅಕ್ಷರಗಳನ್ನು ಅಂದವಾಗಿ ಬರೆದುಬಿಡುತ್ತಾನೆ. ತರಗತಿಯೆಲ್ಲ ನಗುತ್ತದೆ. ಮರುವಾರ ಲೇಖನಚಿಹ್ನೆಗಳ ಪಾಠವನ್ನೇ ಉಕ್ತಲೇಖನವಾಗಿ ಕೊಟ್ಟಾಗ ಪ್ರಮಾದವು ತಿರುವುಮುರುವಾಗುತ್ತದೆ. “ಅಲ್ಪವಿರಾಮವನ್ನು ಎಲ್ಲಿ ಬಳಸಬೇಕು?” ಎಂದು ಬರೆಯಬೇಕಾದಲ್ಲಿ ಅದೇ ಹುಡುಗನು ಒಂದು ಗೀರು ಎಳೆದು ಸುಮ್ಮನಾಗುತ್ತಾನೆ. ಈ ಸಲ ನಗುವುದಕ್ಕೆ ಉಳಿದವರಿಗೂ ಧೈರ್ಯವಿರುವುದಿಲ್ಲ.

ಆ ಬಾಲಕನನ್ನು ದಡ್ಡನೆನ್ನುವಂತಿಲ್ಲ. ಒಂದು ಶಬ್ದವು ಕಿವಿಗೆ ಬಿದ್ದಾಗ ಅದರ ಅರ್ಥವನ್ನು ನಡೆಸಬೇಕೋ, ಅಥವಾ ಆ ಶಬ್ದವನ್ನೇ ಇದ್ದಂತೆ ಇಟ್ಟುಕೊಳ್ಳಬೇಕೋ ಎಂಬ ಪ್ರಶ್ನೆ ಅವನಿಗೆ ಎದುರಾಗಿದೆ. ಇದೇ ಪ್ರಶ್ನೆಯು ಗಣಕಯಂತ್ರಕ್ಕೆ ಭಾಷೆಗಳನ್ನು ಕಟ್ಟಿದವರಿಗೂ ಎದುರಾಯಿತು. ಮ್ಯಾಕ್ರೋ ಎಂಬ ಸಾಧನದಲ್ಲಿ ಅದು ಅತ್ಯಂತ ತೀಕ್ಷ್ಣವಾಗಿ ಕಾಣಿಸಿಕೊಳ್ಳುತ್ತದೆ. ವ್ಯಾಕರಣವನ್ನು ಓದಿದ ನಮಗೆ ಪರಿಚಿತವಾದ ತತ್ತ್ವವೊಂದು ಅಲ್ಲಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಯಪಡಿಸುವುದೇ ಪ್ರಕೃತ ಲೇಖನದ ಉದ್ದೇಶ. ಈ ವಿಷಯದತ್ತ ನನ್ನ ಗಮನವನ್ನು ಎಳೆದದ್ದು ನನ್ನದೇ ಒಂದು ತಪ್ಪು. ಅದನ್ನು ಮೊದಲು ನಿವೇದಿಸುವುದು ಉಚಿತ.

೨. ಒಂದು ಹೆಸರಿನ ಕಥೆ

ಕೆಲವು ವರ್ಷಗಳ ಹಿಂದೆ ಒಂದು ಸ್ಮರಣ ಸಂಚಿಕೆಯ ಕರಡನ್ನು ತಿದ್ದುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಅಕ್ಷರಜೋಡಣೆಯನ್ನು ಗಣಕದಲ್ಲಿ ಮಾಡುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ; ಕೆಲಸದಲ್ಲಿ ಚುರುಕಾದವನು. ಸಂಸ್ಥೆಯ ದೀರ್ಘನಾಮವನ್ನು ಪುಟಪುಟಕ್ಕೂ ಬೆರಳಚ್ಚಿಸುವ ಶ್ರಮವನ್ನು ಉಳಿಸಲು ಅವನು ಒಂದು ಏರ್ಪಾಡು ಮಾಡಿಕೊಂಡಿದ್ದನು. “ಮಠ” ಎಂಬ ಎರಡಕ್ಷರವನ್ನು ಬಿಡಿಪದವಾಗಿ ಬರೆದರೆ ಸಾಕು, ಯಂತ್ರವು ಅಲ್ಲಿ ಸಂಸ್ಥೆಯ ಪೂರ್ಣನಾಮವನ್ನು ತಾನೇ ಇಡುತ್ತಿತ್ತು. ಇಂತಹ ಏರ್ಪಾಡಿಗೇ ಮ್ಯಾಕ್ರೋ ಎಂದು ಹೆಸರು.

ಸಂಚಿಕೆಯ ಕೊನೆಯಲ್ಲಿ ದಿವಂಗತ ಅಧ್ಯಾಪಕರ ನಾಮಾವಳಿಯಿತ್ತು. ಉತ್ತರ ಕರ್ನಾಟಕದಲ್ಲಿ “ಮಠ” ಎಂಬುದು ಅನೇಕರ ಅಡ್ಡಹೆಸರು ಎಂಬುದು ಸರ್ವವಿದಿತ. ಅಂತಹ ಒಬ್ಬ ಅಧ್ಯಾಪಕರ ಹೆಸರೂ ಆ ಪಟ್ಟಿಯಲ್ಲಿತ್ತು. ಮೊದಲನೆಯ ಕರಡಿನಲ್ಲಿ ಅವರ ಇನಿಷಿಯಲ್ಲುಗಳ ಮುಂದೆ ಸಂಸ್ಥೆಯ ಪೂರ್ಣನಾಮ ಬಂದು ಕುಳಿತಿತ್ತು. ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕಿ ಕಳುಹಿಸಿದೆನು. “ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದೇನೆ ಗುರುಗಳೇ, ಇನ್ನು ಬದಲಾಗುವುದಿಲ್ಲ” ಎಂದು ಅವನು ಹೇಳಿದನು. ಅವನು ಆ ಚಿಹ್ನೆಯನ್ನು ಹಾಕಿದ್ದು ನಿಜ. ನಾನು ಅವನ ಮಾತನ್ನು ನಂಬಿ ಆ ಪುಟವನ್ನು ಮತ್ತೊಮ್ಮೆ ನೋಡಲಿಲ್ಲ.

ಸಂಚಿಕೆ ಬಿಡುಗಡೆಯಾದ ಮೂರನೆಯ ದಿನ ಆ ಅಧ್ಯಾಪಕರ ಪತ್ನಿಯವರು ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು. ಅವರು ಕೋಪದಿಂದ ಒಂದು ಮಾತನ್ನೂ ಆಡಲಿಲ್ಲ. ಪುಟವನ್ನು ತೆರೆದು ನನ್ನ ಮುಂದಿಟ್ಟು, “ನಮ್ಮ ಯಜಮಾನ್ರ ಹೆಸರು ಇದ್ರಾಗ ಎಲ್ಲಿ ಐತ್ರಿ ಸರ?” ಎಂದಷ್ಟೇ ಕೇಳಿದರು. ಇನಿಷಿಯಲ್ಲುಗಳು ಅಲ್ಲಿದ್ದುವು, ಸಂಸ್ಥೆಯ ಹೆಸರು ಅಲ್ಲಿತ್ತು, ಮನುಷ್ಯನ ಹೆಸರು ಮಾತ್ರ ಇರಲಿಲ್ಲ. ಮೂವತ್ತು ವರ್ಷ ಶಬ್ದಶಾಸ್ತ್ರವನ್ನು ಬೋಧಿಸಿದ ನಾನು ಆ ಪ್ರಶ್ನೆಗೆ ಉತ್ತರ ಕೊಡಲಾರದೆ ತಲೆ ತಗ್ಗಿಸಿದೆನು.

ಚಿಹ್ನೆಯನ್ನು ಹಾಕಿಯೂ ಹೆಸರು ಏಕೆ ಉಳಿಯಲಿಲ್ಲ? ಇದನ್ನು ಅರಿಯಲು ನಾನು ಆ ವಿದ್ಯಾರ್ಥಿಯ ಬಳಿಯೇ ಕುಳಿತು ಪಾಠ ಹೇಳಿಸಿಕೊಂಡೆನು. ಆ ಪಾಠದ ಸಾರವೇ ಮುಂದಿನದು.

೩. ಮ್ಯಾಕ್ರೋ ಎಂದರೇನು?

ಮ್ಯಾಕ್ರೋ ಎಂಬುದು ಒಂದು ಸಂಜ್ಞೆ. ಚಿಕ್ಕ ಹೆಸರೊಂದಕ್ಕೆ ದೊಡ್ಡ ಪಾಠವೊಂದನ್ನು ಗಂಟುಹಾಕಿ, ಬರೆಹದಲ್ಲಿ ಆ ಹೆಸರು ಬಂದೆಡೆಯಲ್ಲೆಲ್ಲ ಆ ಪಾಠವನ್ನಿಡುವಂತೆ ಯಂತ್ರಕ್ಕೆ ವಿಧಿಸುವುದೇ ಇದರ ಕ್ರಮ. ಹೀಗೆ ಇಡುವುದನ್ನು “ವಿಸ್ತರಣೆ” ಎನ್ನೋಣ. ಹೆಸರಿಗೆ ಗಂಟುಹಾಕಿದ ಪಾಠವನ್ನು ಅದರ “ಒಡಲು” ಎನ್ನೋಣ. ಹೆಸರಿನ ಮುಂದೆ ಕಂಸದೊಳಗೆ ನಾವು ಒಪ್ಪಿಸುವ ಮಾತಿಗೆ ಗಣಕಶಾಸ್ತ್ರಜ್ಞರು ಆರ್ಗ್ಯುಮೆಂಟ್ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು “ಅರ್ಪಿತ” ಎಂದು ಕರೆಯುತ್ತೇನೆ. ಒಡಲಿನಲ್ಲಿ $೧ ಎಂದಿರುವಲ್ಲಿ ಮೊದಲನೆಯ ಅರ್ಪಿತವೂ $೨ ಎಂದಿರುವಲ್ಲಿ ಎರಡನೆಯದೂ ಬಂದು ಸೇರುತ್ತವೆ.

ಸಂಸ್ಕೃತ ವ್ಯಾಕರಣವನ್ನು ಬಲ್ಲವರಿಗೆ ಇದು ಹೊಸದಲ್ಲ. ಪಾಣಿನಿಯು “ವೃದ್ಧಿ” ಎಂದರೆ ಆಕಾರ, ಐಕಾರ, ಔಕಾರಗಳೆಂದೂ, “ಗುಣ” ಎಂದರೆ ಅಕಾರ, ಏಕಾರ, ಓಕಾರಗಳೆಂದೂ ಮೊದಲೇ ಹೇಳಿಟ್ಟು, ಮುಂದಿನ ಸೂತ್ರಗಳಲ್ಲಿ ಆ ಹೆಸರುಗಳನ್ನಷ್ಟೇ ಬಳಸಿದನು. ಹೆಸರು ಬಂದಲ್ಲಿ ಆ ವರ್ಣಗಳನ್ನು ನಾವು ತಂದುಕೊಳ್ಳಬೇಕು. ಗುಣಸಂಧಿ ಎಂದರೆ ಸದ್ಗುಣದ ಸಂಧಿಯೆಂದು ಯಾವ ವಿದ್ಯಾರ್ಥಿಯೂ ತಿಳಿಯುವುದಿಲ್ಲವಷ್ಟೆ.

ಗಣಕದಲ್ಲಿ ಈ ಬಗೆಯ ಪಠ್ಯವಿಸ್ತರಣೆಗೆ ಮಾತ್ರವೇ ಮೀಸಲಾದ ವ್ಯವಸ್ಥೆಗಳು ಹಲವು ಹುಟ್ಟಿವೆ. ಇಂಗ್ಲೆಂಡಿನ ಕ್ರಿಸ್ಟೋಫರ್ ಸ್ಟ್ರೇಚಿಯು ೧೯೬೫ರಲ್ಲಿ ತನ್ನ ಜಿಪಿಎಂ ಎಂಬ ಮ್ಯಾಕ್ರೋಜನಕವನ್ನು ಪ್ರಕಟಪಡಿಸಿದನು. ಅಮೆರಿಕದ ಕ್ಯಾಲ್ವಿನ್ ಮೂಅರ್ಸ್ ಅದೇ ದಶಕದಲ್ಲಿ ಟ್ರ್ಯಾಕ್ ಎಂಬ ಭಾಷೆಯನ್ನು ರಚಿಸಿದನು. ೧೯೭೭ರಲ್ಲಿ ಬೆಲ್ ಪ್ರಯೋಗಾಲಯದ ಬ್ರಯನ್ ಕರ್ನಿಘನ್ ಮತ್ತು ಡೆನ್ನಿಸ್ ರಿಚಿ ಎಂಬಿಬ್ಬರು ಎಂ-ಫೋರ್ ಎಂಬ ಮ್ಯಾಕ್ರೋ ಸಂಸ್ಕಾರಕವನ್ನು ರೂಪಿಸಿದರು. ಎಂ-ಫೋರ್ ಇಂದಿಗೂ ಬಳಕೆಯಲ್ಲಿರುವುದರಿಂದಲೂ, ಉದ್ಧರಣದ ಸಮಸ್ಯೆ ಅದರಲ್ಲಿ ಸ್ಪಷ್ಟವಾಗಿ ಕಾಣುವುದರಿಂದಲೂ ಅದನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ವಸ್ತುತಃ ಅದರ ಹೆಸರುಗಳಲ್ಲಿ ರೋಮನ್ ಅಕ್ಷರ, ಅಂಕಿ ಮತ್ತು ಅಡಿಗೆರೆಗಳಿಗೆ ಮಾತ್ರ ಅವಕಾಶ. ಬೋಧನೆಯ ಸೌಕರ್ಯಕ್ಕಾಗಿ ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿಯೇ ಬರೆದಿದ್ದೇನೆ.

೪. ಮೂರು ನಿಯಮಗಳು

ಎಂ-ಫೋರಿನ ನಡೆಯನ್ನು ಮೂರು ನಿಯಮಗಳಲ್ಲಿ ಸಂಗ್ರಹಿಸಬಹುದು.

ಮೊದಲನೆಯದು: ಮ್ಯಾಕ್ರೋವಿಗೆ ಅರ್ಪಿತಗಳನ್ನು ಕೂಡಿಹಾಕುವಾಗಲೇ, ಅವುಗಳಲ್ಲಿ ರಕ್ಷಣೆಯಿಲ್ಲದೆ ಕಾಣುವ ಮ್ಯಾಕ್ರೋ ಹೆಸರುಗಳೆಲ್ಲ ವಿಸ್ತರಣೆ ಹೊಂದುತ್ತವೆ.

ಎರಡನೆಯದು: ಉದ್ಧರಣ ಚಿಹ್ನೆಗಳ ನಡುವೆ ಇರುವ ಪಾಠವು ವಿಸ್ತರಣೆ ಹೊಂದುವುದಿಲ್ಲ. ಆದರೆ ಅದನ್ನು ಒಂದು ಸಲ ಓದಿದಾಗ ಹೊರಗಿನ ಒಂದು ಜೊತೆ ಚಿಹ್ನೆಗಳು ಕಳಚಿಹೋಗುತ್ತವೆ.

ಮೂರನೆಯದು: ಮ್ಯಾಕ್ರೋ ವಿಸ್ತರಣೆಯಾಗಿ ದೊರೆತ ಪಾಠವನ್ನು ಯಂತ್ರವು ಹೊಸ ಬರೆಹವೆಂಬಂತೆ ಇನ್ನೊಮ್ಮೆ ಓದುತ್ತದೆ. ಇದನ್ನು “ಮರುವಾಚನ” ಎನ್ನೋಣ.

ಉದ್ಧರಣ ಚಿಹ್ನೆಯನ್ನು ಅಂಚೆಯ ಲಕೋಟೆಗೆ ಹೋಲಿಸಬಹುದು. ಲಕೋಟೆಯೊಳಗಿನ ಕಾಗದವನ್ನು ದಾರಿಯಲ್ಲಿ ಯಾರೂ ಓದುವುದಿಲ್ಲ. ಆದರೆ ಪ್ರತಿಯೊಂದು ಠಾಣೆಯಲ್ಲಿಯೂ ಒಂದೊಂದು ಲಕೋಟೆಯನ್ನು ಒಡೆಯುವ ಪದ್ಧತಿಯಿದ್ದರೆ, ಎರಡು ಠಾಣೆ ದಾಟಬೇಕಾದ ಕಾಗದಕ್ಕೆ ಎರಡು ಲಕೋಟೆ ಬೇಕು. ಒಂದೇ ಇದ್ದರೆ ಎರಡನೆಯ ಠಾಣೆಯಲ್ಲಿ ಕಾಗದ ಬಯಲಾಗುತ್ತದೆ. ಮೂರು ಇದ್ದರೆ ಸೇರಬೇಕಾದವರ ಕೈಗೆ ಒಡೆಯದ ಲಕೋಟೆಯೇ ಸೇರುತ್ತದೆ.

೫. ನಾಮಾವಳಿಯಲ್ಲಿ ನಡೆದುದೇನು?

ಈಗ ನಮ್ಮ ಪ್ರಸಂಗವನ್ನು ಈ ನಿಯಮಗಳಿಂದ ಪರಿಶೀಲಿಸೋಣ. ಮೊದಲು ಎರಡು ಮ್ಯಾಕ್ರೋಗಳನ್ನು ವಿಧಿಸಲಾಗಿದೆ ಎಂದಿಟ್ಟುಕೊಳ್ಳಿ. ಹೆಸರುಗಳು ಕೇವಲ ಕಲ್ಪಿತ.

ಡಿಫೈನ್(`ಮಠ', `ಶ್ರೀ ವಿರಕ್ತಮಠ')
ಡಿಫೈನ್(`ಗೌರವ', `ದಿವಂಗತ ಶ್ರೀ $೧ ಅವರು')

ಇಲ್ಲಿ ` ಎಂಬುದು ಉದ್ಧರಣವನ್ನು ತೆರೆಯುವ ಚಿಹ್ನೆ, ' ಎಂಬುದು ಮುಚ್ಚುವ ಚಿಹ್ನೆ. ಮೊದಲ ಯತ್ನ ಹೀಗಿತ್ತು:

ಗೌರವ(ಅ. ಬ. ಮಠ)

ಅರ್ಪಿತವನ್ನು ಕೂಡಿಹಾಕುವಾಗಲೇ ಒಂದನೆಯ ನಿಯಮದಂತೆ “ಮಠ” ವಿಸ್ತರಣೆ ಹೊಂದಿತು. ಹೆಸರು ಒಡಲನ್ನು ಸೇರುವ ಮೊದಲೇ ಕೆಟ್ಟಿತು. ಇದನ್ನು ಕಂಡು ವಿದ್ಯಾರ್ಥಿಯು ಎರಡನೆಯ ಯತ್ನ ಮಾಡಿದನು:

ಗೌರವ(`ಅ. ಬ. ಮಠ')

ಕೂಡಿಹಾಕುವಾಗ ಚಿಹ್ನೆಯು ಹೆಸರನ್ನು ಕಾಪಾಡಿತು. ಜೊತೆಯಲ್ಲಿಯೇ ಎರಡನೆಯ ನಿಯಮದಂತೆ ತಾನು ಕಳಚಿತು. $೧ರ ಸ್ಥಾನಕ್ಕೆ ಬಂದುದು ಚಿಹ್ನೆಯಿಲ್ಲದ “ಅ. ಬ. ಮಠ”. ಒಡಲು ಈಗ “ದಿವಂಗತ ಶ್ರೀ ಅ. ಬ. ಮಠ ಅವರು” ಎಂದಾಯಿತು. ಇಷ್ಟಕ್ಕೆ ನಿಂತಿದ್ದರೆ ಆ ತಾಯಿಯು ನನ್ನ ಮನೆಯವರೆಗೆ ಬರಬೇಕಾಗಿರಲಿಲ್ಲ. ಆದರೆ ಮೂರನೆಯ ನಿಯಮದಂತೆ ಮರುವಾಚನ ನಡೆಯಿತು. ಆಗ “ಮಠ” ಎಂಬ ಪದವು ಬಯಲಿನಲ್ಲಿ ನಿಂತಿತ್ತು. ಯಂತ್ರವು ಅದನ್ನು ವಿಸ್ತರಿಸಿತು. ಲಕೋಟೆ ಒಂದು, ಠಾಣೆ ಎರಡು!

ಪರಿಹಾರ ಎರಡು ಬಗೆ. ಒಂದು, ಕರೆಯುವವನೇ ಎರಡು ಜೊತೆ ಚಿಹ್ನೆ ಹಾಕುವುದು: ಗೌರವ(``ಅ. ಬ. ಮಠ''). ಇದರಿಂದ ಕೆಲಸವೇನೋ ಆಗುತ್ತದೆ. ಆದರೆ ಒಡಲಿನೊಳಗೆ ಎಷ್ಟು ಮರುವಾಚನಗಳಿವೆಯೆಂದು ಕರೆಯುವವನು ತಿಳಿದಿರಬೇಕಾಗುತ್ತದೆ. ಮನೆಗೆ ಬಂದ ಅತಿಥಿಯು ಅಡುಗೆಮನೆಯ ಲೆಕ್ಕವನ್ನು ಬಲ್ಲವನಾಗಿರಬೇಕೆಂದು ವಿಧಿಸಿದಂತೆ ಇದು. ಇನ್ನೊಂದು, ಮ್ಯಾಕ್ರೋವನ್ನು ಕಟ್ಟುವವನೇ ಒಡಲಿನಲ್ಲಿ ಅರ್ಪಿತದ ಸ್ಥಾನಕ್ಕೆ ಚಿಹ್ನೆ ಇಡುವುದು:

ಡಿಫೈನ್(`ಗೌರವ', `ದಿವಂಗತ ಶ್ರೀ `$೧' ಅವರು')

ಒಡಲಿನ ಚಿಹ್ನೆಯೊಳಗಿದ್ದರೂ $೧ರ ಸ್ಥಾನದಲ್ಲಿ ಅರ್ಪಿತವು ಬಂದು ಸೇರುತ್ತದೆ. ಮರುವಾಚನದಲ್ಲಿ ಒಳಗಿನ ಈ ಚಿಹ್ನೆಯು ಹೆಸರನ್ನು ಕಾಪಾಡಿ ತಾನು ಕಳಚಿಹೋಗುತ್ತದೆ. ಕರೆಯುವವನು ಒಂದೇ ಜೊತೆ ಚಿಹ್ನೆ ಹಾಕಿದರೂ ಹೆಸರು ಹೆಸರಾಗಿಯೇ ಅಚ್ಚಾಗುತ್ತದೆ.

ಇದರಿಂದ ಒಂದು ತತ್ತ್ವ ಫಲಿಸುತ್ತದೆ. ಅರ್ಪಿತವನ್ನು ವಿಸ್ತರಿಸಬೇಕೆ, ಬೇಡವೆ ಎಂಬ ನಿರ್ಧಾರ ಕರೆಯುವವನದು. ವಿಸ್ತರಣೆ ಬೇಕೆನಿಸಿದರೆ ಅವನು ಚಿಹ್ನೆಯಿಲ್ಲದೆ ಬರೆಯುತ್ತಾನೆ. ಬೇಡವೆನಿಸಿದರೆ ಚಿಹ್ನೆಯೊಡನೆ ಬರೆಯುತ್ತಾನೆ. ಆ ನಿರ್ಧಾರವು ಕೊನೆಯವರೆಗೆ ಕೆಡದಂತೆ ನೋಡಿಕೊಳ್ಳುವ ಹೊಣೆ ಕಟ್ಟುವವನದು. ಆಯ್ಕೆ ಒಬ್ಬನಿಗೆ, ಕಾವಲು ಇನ್ನೊಬ್ಬನಿಗೆ. ನನ್ನ ವಿದ್ಯಾರ್ಥಿಯು ಆಯ್ಕೆಯನ್ನು ಸರಿಯಾಗಿಯೇ ಮಾಡಿದ್ದನು, ಕಾವಲಿರಲಿಲ್ಲ.

೬. ಮೌನವಾಗಿ ನಡೆಯುವ ಪ್ರಮಾದಗಳು

ಈ ಬಗೆಯ ತಪ್ಪುಗಳ ದೊಡ್ಡ ದೋಷವೆಂದರೆ ಅವು ಸದ್ದು ಮಾಡದಿರುವುದು. ಮೂರು ನಿದರ್ಶನಗಳನ್ನು ಕೊಡುತ್ತೇನೆ.

(ಅ) “ಮಠ” ಎಂಬುದರ ಒಡಲನ್ನು ಬದಲಿಸಬೇಕೆಂದು ಒಬ್ಬನು ಡಿಫೈನ್(ಮಠ, `ಶ್ರೀ ಬೃಹನ್ಮಠ') ಎಂದು ಬರೆದನೆಂದುಕೊಳ್ಳಿ. ಚಿಹ್ನೆಯಿಲ್ಲದ ಮೊದಲ ಅರ್ಪಿತವು ತತ್‌ಕ್ಷಣ “ಶ್ರೀ ವಿರಕ್ತಮಠ” ಎಂದು ವಿಸ್ತರಣೆ ಹೊಂದುತ್ತದೆ. ಹೊಸ ಒಡಲು ಆ ಎರಡು ಪದಗಳ ವಿಚಿತ್ರ ಹೆಸರಿಗೆ ಅಂಟಿಕೊಳ್ಳುತ್ತದೆ. “ಮಠ” ಮೊದಲಿದ್ದಂತೆಯೇ ಉಳಿಯುತ್ತದೆ. ಯಂತ್ರವು ಯಾವ ಆಕ್ಷೇಪವನ್ನೂ ಹೇಳುವುದಿಲ್ಲ. ಹೆಸರಿಡುವಾಗ ಹೆಸರು ಹೆಸರಾಗಿಯೇ ಇರಬೇಕು. ಆದಕಾರಣವೇ ಡಿಫೈನಿನ ಮೊದಲ ಅರ್ಪಿತಕ್ಕೆ ಉದ್ಧರಣ ಚಿಹ್ನೆ ಅವಶ್ಯ.

(ಆ) ಅಲ್ಪವಿರಾಮವು ಅರ್ಪಿತಗಳನ್ನು ಬೇರ್ಪಡಿಸುವ ಚಿಹ್ನೆ. ಗೌರವ(ಅ. ಬ. ಪಾಟೀಲ, ನಿವೃತ್ತ ಶಿಕ್ಷಕರು) ಎಂದು ಬರೆದರೆ ಅರ್ಪಿತಗಳು ಎರಡಾಗುತ್ತವೆ. ಒಡಲಿನಲ್ಲಿ $೨ ಇಲ್ಲವಾದುದರಿಂದ “ನಿವೃತ್ತ ಶಿಕ್ಷಕರು” ಎಂಬುದು ಲೋಪವಾಗುತ್ತದೆ. ಒಬ್ಬರ ಜೀವಮಾನದ ವೃತ್ತಿಯನ್ನು ಒಂದು ಗೀರು ನುಂಗಿಬಿಡುತ್ತದೆ. ಇಡೀ ಅರ್ಪಿತವನ್ನು ಚಿಹ್ನೆಯೊಳಗಿಟ್ಟರೆ ಒಳಗಿನ ಅಲ್ಪವಿರಾಮವು ಕೇವಲ ಅಕ್ಷರವಾಗಿ ಉಳಿಯುತ್ತದೆ. ಇದೇ ಕಾರಣದಿಂದ ಎಂ-ಫೋರಿನಲ್ಲಿ ಅರ್ಪಿತಗಳೆಲ್ಲವನ್ನೂ ಒಟ್ಟಿಗೆ ಸೂಚಿಸಲು ಎರಡು ಸಂಕೇತಗಳಿವೆ. $* ಎಂಬುದು ಅವುಗಳನ್ನು ಬರಿದಾಗಿ ಕೊಡುತ್ತದೆ. $@ ಎಂಬುದು ಒಂದೊಂದಕ್ಕೂ ಒಂದೊಂದು ಉದ್ಧರಣ ತೊಡಿಸಿ ಕೊಡುತ್ತದೆ. ಬಂದುದನ್ನು ಬಂದಂತೆ ಇನ್ನೊಂದು ಮ್ಯಾಕ್ರೋವಿಗೆ ದಾಟಿಸಬೇಕಾದಲ್ಲಿ ಎರಡನೆಯದೇ ಗ್ರಾಹ್ಯ.

(ಇ) ಒಡಲಿನಲ್ಲಿಯೇ ತನ್ನ ಹೆಸರು ಬಿಡಿಪದವಾಗಿ ಬಂದರೆ ಏನಾದೀತು? “ಶ್ರೀ ವಿರಕ್ತ ಮಠ” ಎಂದು ಬಿಡಿಸಿ ಬರೆದರೆ ಮರುವಾಚನದಲ್ಲಿ “ಮಠ” ಮತ್ತೆ ವಿಸ್ತರಣೆ ಹೊಂದಿ, ಅದರೊಳಗಿನ “ಮಠ” ಮತ್ತೆ ವಿಸ್ತರಣೆ ಹೊಂದಿ, ಕೊನೆಯಿಲ್ಲದ ಸುರುಳಿಯಾಗುತ್ತದೆ. ಶಾಸ್ತ್ರದಲ್ಲಿ ಇದನ್ನೇ ಅನವಸ್ಥಾದೋಷ ಎನ್ನುವರು. ಒಡಲಿಗೆ ಇನ್ನೊಂದು ಜೊತೆ ಚಿಹ್ನೆ ತೊಡಿಸುವುದು ಪರಿಹಾರ: ಡಿಫೈನ್(`ಮಠ', ``ಶ್ರೀ ವಿರಕ್ತ ಮಠ'').

೭. ವೈಯಾಕರಣರ ದೃಷ್ಟಿ

ಶಬ್ದಕ್ಕೆ ಬೆಳಕಿನಂತೆ ಎರಡು ಶಕ್ತಿಗಳುಂಟೆಂದು ಭರ್ತೃಹರಿಯು ವಾಕ್ಯಪದೀಯದಲ್ಲಿ ಪ್ರತಿಪಾದಿಸಿದ್ದಾನೆ. ದೀಪವು ತಾನೂ ಕಾಣುತ್ತದೆ, ಇತರ ವಸ್ತುಗಳನ್ನೂ ಕಾಣಿಸುತ್ತದೆ. ಶಬ್ದವೂ ಹಾಗೆಯೇ ತನ್ನ ರೂಪವನ್ನೂ ತನ್ನಿಂದಾಚೆಯ ಅರ್ಥವನ್ನೂ ತೋರಿಸುತ್ತದೆ. ಲೋಕವ್ಯವಹಾರದಲ್ಲಿ ಅರ್ಥವೇ ಮುಂದು. “ನೀರು ತಾ” ಎಂದರೆ ಲೋಟ ಬರುತ್ತದೆ, ಅಕ್ಷರಗಳು ಬರುವುದಿಲ್ಲ. ಶಬ್ದದ ರೂಪವನ್ನೇ ಹೇಳಬೇಕಾದಾಗ ಸಂಸ್ಕೃತದಲ್ಲಿ “ಇತಿ” ಎಂಬುದನ್ನೂ ಕನ್ನಡದಲ್ಲಿ “ಎಂದು”, “ಎಂಬ” ಎಂಬುವನ್ನೂ ಸೇರಿಸುತ್ತೇವೆ. “ಗುರುಗಳು ಬಾ ಎಂದರು” ಎಂಬಲ್ಲಿ “ಬಾ” ಎಂಬುದು ಕೇಳುಗನಿಗೆ ಕೊಟ್ಟ ಅಪ್ಪಣೆಯಾಗಿಲ್ಲ. ಅದು ಗುರುಗಳ ಮಾತಿನ ಪ್ರತಿರೂಪ. ನಮ್ಮ ಭಾಷೆಗಳಲ್ಲಿ ಹಾಳೆಯ ಮೇಲೆ ಉದ್ಧರಣ ಚಿಹ್ನೆ ಕಾಣಿಸಿಕೊಳ್ಳುವ ಬಹುಕಾಲ ಮೊದಲೇ ನಾಲಗೆಯ ಮೇಲೆ ಅದರ ಕೆಲಸ ನಡೆಯುತ್ತಿತ್ತು.

ವ್ಯಾಕರಣಶಾಸ್ತ್ರದಲ್ಲಿ ಈ ಕ್ರಮವು ತಿರುಗಿನಿಲ್ಲುತ್ತದೆ. ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದ ಮೊದಲ ಪಾದದ ೬೮ನೆಯ ಸೂತ್ರದಂತೆ, ಶಾಸ್ತ್ರದಲ್ಲಿ ಒಂದು ಶಬ್ದವನ್ನು ಹೇಳಿದರೆ ಅದರ ಸ್ವರೂಪವನ್ನೇ ಗ್ರಹಿಸಬೇಕು. ಶಾಸ್ತ್ರವೇ ಮಾಡಿಕೊಂಡ ಸಂಜ್ಞೆಗಳಿಗೆ ಮಾತ್ರ ಈ ನಿಯಮವಿಲ್ಲ. ಅಗ್ನಿಗೆ ಒಂದು ಪ್ರತ್ಯಯವನ್ನು ವಿಧಿಸಿದರೆ ಅದು ಒಲೆಯ ಕೆಂಡಕ್ಕೆ ಹತ್ತುವುದಿಲ್ಲ, ವಹ್ನಿ, ಪಾವಕ ಎಂಬ ಪರ್ಯಾಯಪದಗಳಿಗೂ ಹತ್ತುವುದಿಲ್ಲ. ಅಗ್ನಿ ಎಂಬ ಶಬ್ದಕ್ಕೇ ಹತ್ತುತ್ತದೆ. ವೃದ್ಧಿ, ಗುಣ ಮೊದಲಾದ ಸಂಜ್ಞೆಗಳಾದರೋ ತಮ್ಮ ವರ್ಣಗಳಾಗಿ ವಿಸ್ತರಣೆ ಹೊಂದುತ್ತವೆ. ಇಷ್ಟೇ ಅಲ್ಲ, ಶಾಸ್ತ್ರದಲ್ಲಿ ಸ್ವರೂಪವೇ ಸಹಜವಾದುದರಿಂದ, ಅರ್ಥವನ್ನು ಹೇಳಬೇಕಾದಲ್ಲಿ “ಇತಿ”ಯನ್ನು ಬಳಸುವ ಕ್ರಮವೂ ಉಂಟು. ಅದೇ ಪಾದದ ೪೪ನೆಯ ಸೂತ್ರದಲ್ಲಿ, ವಿಭಾಷಾ ಎಂಬ ಸಂಜ್ಞೆಯು ನಿಷೇಧ ಮತ್ತು ವಿಕಲ್ಪಗಳನ್ನು ತಿಳಿಸುವ ಪದಗಳಿಗೆ ಸಲ್ಲದೆ ಅವುಗಳ ಅರ್ಥಕ್ಕೆ ಸಲ್ಲುವಂತೆ ಮಾಡುವುದು “ಇತಿ”ಯೇ.

ಇದರಿಂದ ಗಣಕದವರೂ ಕಲಿಯಬೇಕಾದ ಒಂದು ವಿಷಯವುಂಟು. ಚಿಹ್ನೆಗೆ ತನ್ನಷ್ಟಕ್ಕೆ ಒಂದೇ ಅರ್ಥವಿಲ್ಲ. ಯಾವುದು ಸಹಜಸ್ಥಿತಿಯೋ ಅದನ್ನು ತಿರುಗಿಸುವುದು ಅದರ ಧರ್ಮ. ಆದಕಾರಣ ಮ್ಯಾಕ್ರೋಭಾಷೆಯನ್ನು ಕಟ್ಟುವವನು ಮೊಟ್ಟಮೊದಲು ಸಹಜಸ್ಥಿತಿಯನ್ನು ಗೊತ್ತುಮಾಡಿ ಸ್ಪಷ್ಟವಾಗಿ ಸಾರಬೇಕು. ಎಂ-ಫೋರಿನಲ್ಲಿ ವಿಸ್ತರಣೆಯೇ ಸಹಜ, ಸ್ವರೂಪಕ್ಕೆ ಚಿಹ್ನೆ ಬೇಕು. ಪಾಣಿನಿಯಲ್ಲಿ ಸಂಜ್ಞೆಗಳನ್ನುಳಿದು ಸ್ವರೂಪವೇ ಸಹಜ, ಅರ್ಥಕ್ಕೆ ಚಿಹ್ನೆ ಬೇಕು. ಎರಡೂ ನಡೆಯತಕ್ಕವೇ. ಸಹಜವಾವುದೆಂದು ತಿಳಿಯದೆ ಬರೆಯುವುದು ಮಾತ್ರ ಅನರ್ಥಕ್ಕೆ ಮೂಲ.

೮. ಇತರ ವ್ಯವಸ್ಥೆಗಳ ಕ್ರಮ

ಸಿ ಎಂಬ ಪ್ರಸಿದ್ಧ ಗಣಕಭಾಷೆಯ ಪೂರ್ವಸಂಸ್ಕಾರಕವು ಬೇರೊಂದು ಮಾರ್ಗವನ್ನು ಹಿಡಿಯಿತು. ೧೯೮೯ರ ಅಮೆರಿಕದ ಮಾನಕದಂತೆ, ಒಡಲಿನಲ್ಲಿ ಅರ್ಪಿತದ ಹಿಂದೆ # ಎಂಬ ಚಿಹ್ನೆಯನ್ನಿಟ್ಟರೆ ಅರ್ಪಿತವು ವಿಸ್ತರಣೆ ಹೊಂದದೆ ತನ್ನ ಅಕ್ಷರರೂಪದಲ್ಲಿಯೇ ಬರುತ್ತದೆ. ## ಎಂಬುದು ಎರಡು ಪದಗಳನ್ನು ಬೆಸೆಯುತ್ತದೆ. ಅಲ್ಲಿಯೂ ಅರ್ಪಿತವು ಮೊದಲು ವಿಸ್ತರಣೆ ಹೊಂದುವುದಿಲ್ಲ. ಉಳಿದೆಡೆ ವಿಸ್ತರಣೆಯುಂಟು. ಅಂದರೆ ಇಲ್ಲಿ ಆಯ್ಕೆಯು ಕರೆಯುವವನ ಕೈಬಿಟ್ಟು ಕಟ್ಟುವವನ ಕೈಸೇರಿತು. ವಿಸ್ತರಣೆ ಹೊಂದಿದ ಪಾಠದ ಅಕ್ಷರರೂಪ ಬೇಕಾದರೆ ನಡುವೆ ಇನ್ನೊಂದು ಮ್ಯಾಕ್ರೋವನ್ನು ಕಟ್ಟಿ, ಎರಡು ಮೆಟ್ಟಿಲುಗಳಲ್ಲಿ ಸಾಧಿಸಬೇಕು. ಮೊದಲ ಮೆಟ್ಟಿಲಿನಲ್ಲಿ ವಿಸ್ತರಣೆ, ಎರಡನೆಯದರಲ್ಲಿ ಅಕ್ಷರೀಕರಣ. ತನ್ನ ಒಡಲಿನಲ್ಲಿಯೇ ತನ್ನ ಹೆಸರು ಬಂದರೆ ಅದನ್ನು ಪುನಃ ವಿಸ್ತರಿಸಬಾರದೆಂಬ ನಿಯಮವನ್ನೂ ಆ ಮಾನಕವು ಮಾಡಿತು. ಹಿಂದೆ ಹೇಳಿದ ಅನವಸ್ಥಾದೋಷವು ಅಲ್ಲಿ ತಾನಾಗಿಯೇ ತಪ್ಪಿತು.

ಟ್ರ್ಯಾಕ್ ಭಾಷೆಯಲ್ಲಿ ಕರೆಯುವುದಕ್ಕೇ ಎರಡು ರೀತಿಗಳು. #( ಎಂದು ಆರಂಭಿಸಿದರೆ ಬಂದ ಫಲಕ್ಕೆ ಮರುವಾಚನ ನಡೆಯುತ್ತದೆ, ##( ಎಂದು ಆರಂಭಿಸಿದರೆ ನಡೆಯುವುದಿಲ್ಲ. ಬರಿಯ ಕಂಸಗಳು ಅಲ್ಲಿ ಉದ್ಧರಣದ ಕೆಲಸ ಮಾಡುತ್ತವೆ. ಮರುವಾಚನವು ಬೇಕೆ, ಬೇಡವೆ ಎಂಬುದನ್ನು ಹೀಗೆ ಕರೆಯಲ್ಲಿಯೇ ತಿಳಿಸುವುದು ಗಮನಾರ್ಹ.

ಚಿಹ್ನೆಯ ಆಕಾರವೂ ಮುಖ್ಯ. ಸ್ಟ್ರೇಚಿಯು < > ಎಂಬ ಬಾಣಕಂಸಗಳನ್ನು ಆರಿಸಿದನು. ಎಂ-ಫೋರಿನಲ್ಲಿಯೂ ತೆರೆಯುವ ಚಿಹ್ನೆ ಬೇರೆ, ಮುಚ್ಚುವ ಚಿಹ್ನೆ ಬೇರೆ. ಎರಡೂ ಒಂದೇ ಆಗಿದ್ದರೆ ಉದ್ಧರಣದೊಳಗೆ ಉದ್ಧರಣವನ್ನು ಇಡಲಾಗದು. ಎರಡನೆಯ ಚಿಹ್ನೆಯು ಹೊಸದನ್ನು ತೆರೆಯಿತೋ ಹಳೆಯದನ್ನು ಮುಚ್ಚಿತೋ ತಿಳಿಯದು. ಬರೆಹದಲ್ಲಿಯೇ ಆ ಚಿಹ್ನೆಗಳು ಹೇರಳವಾಗಿ ಬರುವಂತಿದ್ದರೆ ಎಂ-ಫೋರಿನಲ್ಲಿ ಅವುಗಳನ್ನು ಬದಲಿಸಿಕೊಳ್ಳುವ ಸೌಲಭ್ಯವುಂಟು. ಆಟೋಕಾನ್ಫ್ ಎಂಬ ಸಾಧನವು ಶೆಲ್ ಎಂಬ ಆಜ್ಞಾಭಾಷೆಯ ಪಾಠವನ್ನು ಉತ್ಪಾದಿಸುತ್ತದೆ. ಆ ಭಾಷೆಯಲ್ಲಿ ` ಮತ್ತು ' ಎರಡಕ್ಕೂ ಬೇರೆ ಕೆಲಸಗಳಿರುವುದರಿಂದ ಅದು [ ] ಎಂಬ ಚೌಕಕಂಸಗಳನ್ನು ಸ್ವೀಕರಿಸಿತು. ಕಂಸದ ಒಂದೊಂದು ಮಟ್ಟಕ್ಕೂ ಒಂದೊಂದು ಜೊತೆ ಉದ್ಧರಣವಿರಲಿ ಎಂಬುದು ಆ ಸಾಧನವನ್ನು ಬಳಸುವವರು ಪಾಲಿಸುವ ಸುಲಭ ಸೂತ್ರ.

೯. ಸಿದ್ಧಾಂತ

ಮೇಲ್ಕಂಡ ವಿಚಾರಗಳಿಂದ ಮ್ಯಾಕ್ರೋಗಳಲ್ಲಿ ಉದ್ಧರಣವು ಹೇಗಿರತಕ್ಕದ್ದು ಎಂಬ ಬಗ್ಗೆ ಐದು ಮಾತುಗಳನ್ನು ಹೇಳಬಹುದಾಗಿದೆ.

ಒಂದು: ತೆರೆಯುವ ಚಿಹ್ನೆಯೂ ಮುಚ್ಚುವ ಚಿಹ್ನೆಯೂ ಬೇರೆಬೇರೆಯಾಗಿದ್ದು, ಒಂದರೊಳಗೊಂದು ಇಡಲು ಬರುವಂತಿರಬೇಕು.

ಎರಡು: ಒಂದು ವಾಚನಕ್ಕೆ ಒಂದೇ ಜೊತೆ ಕಳಚಬೇಕು. ಕೆಲವೆಡೆ ಒಂದು, ಕೆಲವೆಡೆ ಎರಡು ಎಂದಾದರೆ ಎಣಿಸುವವನಿಗೆ ಗತಿಯಿಲ್ಲ.

ಮೂರು: ವಿಸ್ತರಣೆ ಸಹಜವೋ ಸ್ವರೂಪ ಸಹಜವೋ ಎಂಬುದು ಭಾಷೆಯ ಆದಿಯಲ್ಲಿಯೇ ಗೊತ್ತಾಗಿರಬೇಕು.

ನಾಲ್ಕು: ಕರೆಯುವವನ ಆಯ್ಕೆಯನ್ನು ಒಡಲು ಕೆಡಿಸಬಾರದು. ಒಡಲಿನಲ್ಲಿ ಅರ್ಪಿತಕ್ಕೆ ಚಿಹ್ನೆ ತೊಡಿಸುವುದೇ ನಿಯಮವಾಗಿ, ತೊಡಿಸದಿರುವುದು ವಿಶೇಷ ಕಾರಣವಿರುವ ಅಪವಾದವಾಗಿರಬೇಕು.

ಐದು: ಹೊರಗಿನವರು ಕೊಟ್ಟ ಮಾತು, ಅದು ಹೆಸರಾಗಲಿ, ಊರಾಗಲಿ, ವಿಳಾಸವಾಗಲಿ, ಎಂದಿಗೂ ಆಜ್ಞೆಯಾಗಿ ಓದಲ್ಪಡಬಾರದು. ಇದು ಅಚ್ಚಿನ ಅಂದದ ಮಾತಷ್ಟೇ ಅಲ್ಲ. ಕೊಟ್ಟ ಹೆಸರಿನೊಳಗೆ ಆಜ್ಞೆಯನ್ನು ಹುದುಗಿಸಿ ಯಂತ್ರವನ್ನು ವಂಚಿಸುವವರೂ ಇರುವುದರಿಂದ ಇದು ಭದ್ರತೆಯ ವಿಷಯವೂ ಹೌದು.

೧೦. ಅಭ್ಯಾಸ

ವಿದ್ಯಾರ್ಥಿಗಳು ತಿದ್ದಿದ “ಗೌರವ” ಮ್ಯಾಕ್ರೋವನ್ನು, ಅಂದರೆ ಒಡಲಿನಲ್ಲಿ `$೧' ಇರುವುದನ್ನು, ಎದುರಿಗಿಟ್ಟುಕೊಂಡು ಈ ಎರಡು ಪ್ರಶ್ನೆಗಳನ್ನು ಕಾಗದದ ಮೇಲೆ ಬಿಡಿಸಲಿ.

(೧) ಗೌರವ(``ಅ. ಬ. ಮಠ'') ಎಂದು ಕರೆದರೆ ಅಚ್ಚಿನಲ್ಲಿ ಏನು ಬರುತ್ತದೆ? ಉತ್ತರ: ಹೆಸರು ಸರಿಯಾಗಿ ಬಂದರೂ ಅದರ ಸುತ್ತ ಒಂದು ಜೊತೆ ಉದ್ಧರಣ ಚಿಹ್ನೆಗಳು ಉಳಿದಿರುತ್ತವೆ. ಲಕೋಟೆ ಮೂರು, ಠಾಣೆ ಎರಡು.

(೨) ಡಿಫೈನ್(`ಅಧ್ಯಕ್ಷ', `ಕ. ಖ. ಮಠ') ಎಂದು ವಿಧಿಸಿ ಗೌರವ(ಅಧ್ಯಕ್ಷ) ಎಂದು ಕರೆದರೆ ಹೆಸರು ಉಳಿಯುವುದೆ? ಉತ್ತರ: ಉಳಿಯದು. ಅರ್ಪಿತವನ್ನು ಕೂಡಿಹಾಕುವಾಗಲೇ “ಅಧ್ಯಕ್ಷ” ವಿಸ್ತರಣೆ ಹೊಂದಿ, ಅದರ ಮರುವಾಚನದಲ್ಲಿ “ಮಠ” ಬಯಲಾಗುತ್ತದೆ. “ಅಧ್ಯಕ್ಷ” ಎಂಬುದರ ಒಡಲಿಗೇ ಎರಡು ಜೊತೆ ಚಿಹ್ನೆ ಬೇಕು. “ಗೌರವ”ದಲ್ಲಿ ಎಷ್ಟೇ ಕಾವಲಿದ್ದರೂ ಹೊಸ್ತಿಲಿಗೆ ಬರುವ ಮೊದಲೇ ಕಳೆದುಹೋದ ಹೆಸರನ್ನು ಅದು ಉಳಿಸಲಾರದು.

೧೧. ಮುಕ್ತಾಯ

ಆ ಸಂಚಿಕೆಯಲ್ಲಿ ಉಳಿದಿದ್ದ ಪ್ರತಿಗಳಿಗೆ ತಪ್ಪೊಪ್ಪೋಲೆಯನ್ನು ಅಂಟಿಸಿದೆವು. ಒಂದು ಪ್ರತಿಯಲ್ಲಿ ಮಾತ್ರ ನಾನೇ ಆ ಸಾಲನ್ನು ಹೊಡೆದು, ಅಧ್ಯಾಪಕರ ಹೆಸರನ್ನು ಕೈಬರೆಹದಲ್ಲಿ ಬರೆದು, ಅವರ ಮನೆಗೆ ತೆಗೆದುಕೊಂಡು ಹೋಗಿ ಕೊಟ್ಟೆನು. ಆ ತಾಯಿಯು ಕನ್ನಡಕವನ್ನು ಹಾಕಿಕೊಂಡು ಆ ಎರಡಕ್ಷರಗಳ ಮೇಲೆ ಬೆರಳಿಟ್ಟು ಓದಿದರು. ಪುಸ್ತಕವನ್ನು ಪಟದ ಮುಂದಿಟ್ಟು, ಕುಡಿಯಲು ಮಜ್ಜಿಗೆ ತಂದುಕೊಟ್ಟರು. ಆ ವಿಷಯವಾಗಿ ಬೇರೆ ಮಾತು ನಡೆಯಲಿಲ್ಲ.

ಅಂದಿನಿಂದ ನನ್ನ ವಿದ್ಯಾರ್ಥಿಯು ಒಡಲಿನಲ್ಲಿ $೧ ಎಂದು ಬರೆಯುವಾಗಲೆಲ್ಲ ಅದರ ಎರಡೂ ಬದಿಗೆ ಚಿಹ್ನೆ ಹಾಕಿಯೇ ಮುಂದೆ ಹೋಗುತ್ತಾನೆ. ನಾನು, ತಿದ್ದಾಯಿತೆಂದು ಹೇಳಿದ ಪುಟವನ್ನು ಇನ್ನೊಮ್ಮೆ ನೋಡದೆ ಸಹಿ ಹಾಕುವುದಿಲ್ಲ. ಉಕ್ತಲೇಖನದಲ್ಲಿ “ಅಲ್ಪವಿರಾಮ” ಎಂದು ಬರೆದ ಹುಡುಗನನ್ನು ಕಂಡು ತರಗತಿಯು ನಕ್ಕರೆ, ನಗಬೇಡಿರೆಂದು ಹೇಳಿ ಅವನ ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ.